ಮೊದಲು ಬಾರ್ನ್, ಆಮೇಲೆ ಮನೆ



ಫಿಲಡೆಲ್ಫಿಯದ ವೈದ್ಯ ಬೆಂಜಮಿನ್ ರಷ್ 1789ರಲ್ಲಿ ಪೆನ್ಸಿಲ್ವೇನಿಯದ ಜರ್ಮನ್ ಮೂಲದ ರೈತರನ್ನು ಕುರಿತು ಒಂದು ಬರಹ ಪ್ರಕಟಿಸಿದ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ರಷ್, ಆ ಜನರ ಬೇಸಾಯವನ್ನು ಮೆಚ್ಚಿ ಬರೆಯುತ್ತ ಒಂದು ಸಂಗತಿಯನ್ನು ಗುರುತಿಸುತ್ತಾನೆ. ತಮ್ಮ ವಾಸದ ಮನೆಗೆ ದುಡ್ಡು ಸುರಿಯುವ ಮೊದಲು ಅವರು ಕುದುರೆ, ದನಗಳಿಗೆ ವಿಶಾಲವಾದ ನೆಲೆ ಕಟ್ಟುತ್ತಾರೆ. ಸಂಸಾರ ದಿಮ್ಮಿಯ ಗುಡಿಸಲಲ್ಲಿ ಕಾಲ ಹಾಕಿದರೂ ಸರಿ, ಆ ನೆಲೆ, ಅಂದರೆ ಬಾರ್ನ್, ಮೊದಲು ಏಳಬೇಕು.

ಇವತ್ತು ನಾನು ಹಿಡಿದಿರುವ ಎಳೆ ಇದೇ. ಅಮೆರಿಕದ ಹಳ್ಳಿಗಾಡಿನ ಹಳೆಯ ಕಟ್ಟಡಗಳನ್ನು ಕ್ಯಾಲೆಂಡರಿನಲ್ಲೋ ಸಿನಿಮಾದಲ್ಲೋ ನಾವೆಲ್ಲ ನೋಡಿದ್ದೇವೆ. ಕೆಂಪು ಬಣ್ಣ, ಬಿಳಿ ಅಂಚು, ಸುತ್ತ ಮೆಕ್ಕೆಜೋಳದ ಹೊಲ. ಚೆಂದ ಅನ್ನುತ್ತೇವೆ, ಹಾಳೆ ಮಗುಚುತ್ತೇವೆ. ಆದರೆ ಆ ಕೆಂಪಿನ ಹಿಂದೆಯೂ ಒಂದು ಲೆಕ್ಕವಿದೆ, ಅದು ಅಗ್ಗದ ಬಣ್ಣ: ಕಬ್ಬಿಣದ ತುಕ್ಕಿನ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಬಳಿದದ್ದು, ಹಲಗೆ ಕೊಳೆಯದಿರಲಿ ಎಂದು. ಯಾವ ಬೆಳೆ, ಎಷ್ಟು ದನ, ಯಾರ ದುಡಿಮೆ ಎಂಬ ಲೆಕ್ಕವೇ ಅಲ್ಲಿ ಗೋಡೆಯಾಗಿ, ಮಾಡಾಗಿ ನಿಂತಿದೆ. ಆ ಲೆಕ್ಕವನ್ನು ಓದಲು ಒಂದಿಷ್ಟು ಪ್ರಯತ್ನ ಮಾಡೋಣ.

ಬಾರ್ನ್ ಎಂದರೆ ದನದ ಕೊಟ್ಟಿಗೆ ಎಂದುಕೊಂಡರೆ ಅರ್ಧ ಮಾತ್ರ ಸರಿ. ಕಣ, ಕಣಜ, ಹುಲ್ಲಿನ ಮೆದೆ, ಕೊಟ್ಟಿಗೆ, ಗಾಡಿ ನಿಲ್ಲಿಸುವ ಜಾಗ ಎಲ್ಲವೂ ಅಲ್ಲಿ ಒಂದೇ ಸೂರಿನಡಿ. ಕಾರಣ ಹವೆಯಲ್ಲಿದೆ. ಗೋಧಿ ಕುಯ್ಯುವ ಬೇಸಿಗೆಯಲ್ಲಿ ಮಳೆ ಯಾವಾಗ ಬೇಕಾದರೂ ಬರಬಹುದು, ಆಗ ಆಳುಗಳೂ ಸಿಗುವುದಿಲ್ಲ. ತೆನೆಕಟ್ಟನ್ನು ಒಳಗೆ ಪೇರಿಸಿಟ್ಟು, ಚಳಿಗಾಲದ ಬಿಡುವಿನಲ್ಲಿ ತಿಂಗಳುಗಟ್ಟಲೆ ಬಡಿದು ಕಾಳು ಮಾಡಬೇಕು. ಆದ್ದರಿಂದ ಕಣಕ್ಕೆ ಮಾಡು ಬೇಕಾಯಿತು. ಇನ್ನೊಂದು ಕಾರಣ, ಅಲ್ಲಿನ ಬಹುಪಾಲು ರೈತರು ಒತ್ತೊತ್ತಾಗಿ ಮನೆಗಳಿರುವ ಊರಲ್ಲಿ ವಾಸಿಸಲಿಲ್ಲ, ತಂತಮ್ಮ ಹೊಲದ ನಡುವೆಯೇ ಮನೆ ಮಾಡಿದರು. 1785ರ ಭೂ ಕಾಯಿದೆ ಓಹಾಯೋದಿಂದ ಪಶ್ಚಿಮದ ನೆಲವನ್ನು ಆರು ಮೈಲಿ ಚದರದ ತುಂಡುಗಳಾಗಿ, ಅದರೊಳಗೆ 640 ಎಕರೆಯ ಪಾಲುಗಳಾಗಿ ಗೆರೆ ಹೊಡೆದು ಹಂಚಿತು. 1862ರ ಹೋಮ್‌ಸ್ಟೆಡ್ ಕಾಯಿದೆ ಆ ಪಾಲಿನ ಕಾಲು ಭಾಗ, 160 ಎಕರೆಯನ್ನು, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವರ ಹೆಸರಿಗೆ ಬರೆಯಿತು. ಪಕ್ಕದ ಮನೆಯೆಂದರೆ ಅರ್ಧ ಮೈಲಿ. ಹಿಮ ಬಿದ್ದ ದಿನ ಬೇಕಾದದ್ದೆಲ್ಲ ಕೈಗೆಟುಕುವಲ್ಲಿ ಇರಲೇಬೇಕು.

ಈಗ ಒಂದು ಬಾರ್ನನ್ನು ಹತ್ತಿರದಿಂದ ನೋಡೋಣ. ಪೆನ್ಸಿಲ್ವೇನಿಯದ ಬಾರ್ನ್ ಅನ್ನೇ ಆರಿಸಿಕೊಳ್ಳುತ್ತೇನೆ, ರಷ್ ಕಂಡದ್ದೂ ಅಂಥವನ್ನೇ. ಇಳಿಜಾರಿನ ಜಾಗ ಹುಡುಕಿ ಗುಡ್ಡದ ಬದಿಯನ್ನು ಕೊರೆದು ಕಟ್ಟುತ್ತಾರೆ. ಕೆಳ ಅಂತಸ್ತಿಗೆ ಕಲ್ಲಿನ ಗೋಡೆ, ಮೇಲಿನದು ಮರದ್ದು. ಗುಡ್ಡದ ಕಡೆಯಿಂದ ನೋಡಿದರೆ ಒಂದೇ ಅಂತಸ್ತಿನ ಕಟ್ಟಡ, ತುಂಬಿದ ಗಾಡಿ ನೇರ ಮೇಲಂತಸ್ತಿನ ಕಣಕ್ಕೆ ನುಗ್ಗುತ್ತದೆ. ಎದುರು ಬದಿಯಿಂದ ನೋಡಿದರೆ ಎರಡು ಅಂತಸ್ತು, ಕೆಳಗೆ ದನಗಳ ಬಾಗಿಲುಗಳ ಸಾಲು. ಕಣದ ಎರಡೂ ಪಕ್ಕ ಹುಲ್ಲು ಮತ್ತು ತೆನೆ ಪೇರಿಸುವ ಆಳವಾದ ಅಂಕಣಗಳು. ಮೇಲಿನಿಂದ ಹುಲ್ಲು ತಳ್ಳಿದರೆ ಸಾಕು, ಕೆಳಗೆ ಗೋದಲಿಯ ಬಳಿ ಬೀಳುತ್ತದೆ. ಎತ್ತುವ ಕೆಲಸವನ್ನೆಲ್ಲ ಗುಡ್ಡವೇ ಮಾಡಿ ಮುಗಿಸಿರುತ್ತದೆ, ಮನುಷ್ಯನಿಗೆ ಉಳಿಯುವುದು ಇಳಿಸುವ ಕೆಲಸ ಮಾತ್ರ.

ಈ ಬಗೆಯ ಬಾರ್ನಿನ ಗುರುತು ಅದರ ಮುಂಚಾಚು. ಮೇಲಂತಸ್ತು ಕೆಳಗಿನ ಗೋಡೆಯನ್ನು ದಾಟಿ ಹಲವು ಅಡಿ ಮುಂದಕ್ಕೆ ಬಂದು, ದನಗಳ ಬಾಗಿಲುಗಳ ಮೇಲೆ ನೆರಳು ಹಿಡಿದಂತೆ ನಿಲ್ಲುತ್ತದೆ. ಹಿಮ ಬಾಗಿಲ ಮುಂದೆ ಗುಡ್ಡೆಯಾಗುವುದಿಲ್ಲ, ಮಳೆ ಒಳಗೆ ಇರಚುವುದಿಲ್ಲ. ಈ ಮುಖವನ್ನು ಸಾಮಾನ್ಯವಾಗಿ ದಕ್ಷಿಣಕ್ಕೋ ಆಗ್ನೇಯಕ್ಕೋ ತಿರುಗಿಸಿ ಕಟ್ಟುತ್ತಿದ್ದರು. ಜನವರಿಯ ಬಿಸಿಲು ತಗ್ಗಿನಿಂದ ಬಂದು ಅಂಗಳವನ್ನು ಕಾಯಿಸುತ್ತದೆ, ದನಗಳು ಅಲ್ಲಿ ನಿಂತು ಮೈ ಬೆಚ್ಚಗೆ ಮಾಡಿಕೊಳ್ಳುತ್ತವೆ, ಅದೇ ಅಂಗಳದಲ್ಲಿ ಗೊಬ್ಬರವೂ ರಾಶಿ ಬೀಳುತ್ತದೆ. ವಸಂತದಲ್ಲಿ ಆ ರಾಶಿ ಹೊಲಕ್ಕೆ ಹೋಗಬೇಕು. ಬೇಸಾಯದ ಒಂದು ವರ್ಷದ ಸುತ್ತು ಈ ಒಂದೇ ಕಟ್ಟಡದೊಳಗೆ ಮೇಲಿನಿಂದ ಕೆಳಗೆ ಹರಿಯುತ್ತದೆ. ರಾಬರ್ಟ್ ಎನ್‌ಸ್ಮಿಂಗರ್ ಎಂಬ ಭೂಗೋಳ ವಿದ್ವಾಂಸರು ದಶಕಗಟ್ಟಲೆ ಈ ಮುಂಚಾಚಿನ ಬೆನ್ನು ಹತ್ತಿ, ಸ್ವಿಟ್ಜರ್ಲೆಂಡಿನ ಗ್ರಾಬುಂಡನ್ ಪ್ರಾಂತದ ಪ್ರೆಟ್ಟಿಗೌ ಕಣಿವೆಯಲ್ಲಿ ಅದರ ತಾಯಿಬೇರು ಇದೆಯೆಂದು ತೋರಿಸಿದರು. 1992ರಲ್ಲಿ ಬಂದ ಅವರ ಪುಸ್ತಕ ಇವತ್ತಿಗೂ ಈ ವಿಷಯಕ್ಕೆ ಮೊದಲು ತೆರೆಯಬೇಕಾದ ಗ್ರಂಥ.

ಪೆನ್ಸಿಲ್ವೇನಿಯದ ಬರ್ಕ್ಸ್, ಲೀಹೈ ಜಿಲ್ಲೆಗಳಲ್ಲಿ ಬಾರ್ನುಗಳ ಮುಖಕ್ಕೆ ಬಣ್ಣಬಣ್ಣದ ದೊಡ್ಡ ನಕ್ಷತ್ರಗಳನ್ನು ಬರೆದಿರುತ್ತಾರೆ. ಮಾಟಮಂತ್ರದಿಂದ ದನಗಳನ್ನು ಕಾಯಲು ಬರೆದದ್ದೆಂದು ಪ್ರವಾಸಿ ಕೈಪಿಡಿಗಳೆಲ್ಲ ಹೇಳುತ್ತವೆ. ಆದರೆ ಈ ಮಾಟದ ಮಾತನ್ನು ಜನಪ್ರಿಯ ಮಾಡಿದ್ದು ವಾಲೆಸ್ ನಟಿಂಗ್ 1924ರಲ್ಲಿ ತಂದ ಒಂದು ಪ್ರವಾಸಿ ಪುಸ್ತಕ. ಇನ್ನೊಂದು ತಮಾಷೆ ಎಂದರೆ ಪ್ರವಾಸಿಗಳು ಈ ನಕ್ಷತ್ರಗಳನ್ನು ಆಮಿಶ್ ಎಂಬ ಪಂಥದ ಜನರ ಹೆಸರಿನಲ್ಲಿ ಕೊಳ್ಳುತ್ತಾರೆ. ಆಡಂಬರ ಬಿಟ್ಟ ಆಮಿಶರು ಅವನ್ನು ತಮ್ಮ ಬಾರ್ನುಗಳ ಮೇಲೆ ಬರೆಯುವುದೇ ಇಲ್ಲ. ಬರೆದವರು ಲೂಥರನ್ ಮತ್ತು ರಿಫಾರ್ಮ್ಡ್ ಪಂಥದ ನೆರೆಹೊರೆಯವರು.

ಇಂಗ್ಲಿಷ್ ಮೂಲದವರು ಕಟ್ಟಿದ ಬಾರ್ನ್ ಇದಕ್ಕಿಂತ ಸರಳ. ಮೂರು ಅಂಕಣ, ಸುಮಾರು ಮೂವತ್ತಕ್ಕೆ ನಲವತ್ತು ಅಡಿ, ನಡುವೆ ಕಣ, ಉದ್ದದ ಗೋಡೆಗಳಲ್ಲಿ ಎದುರುಬದುರು ದೊಡ್ಡ ಬಾಗಿಲು. ಎರಡನ್ನೂ ತೆರೆದರೆ ಗಾಳಿ ಆರಪಾರ ಹಾಯುತ್ತದೆ, ನಿಂತಲ್ಲೇ ತೂರಬಹುದು. ಹಡ್ಸನ್ ಕಣಿವೆಯ ಡಚ್ಚರು ಬಾಗಿಲನ್ನು ಗಿಡ್ಡ ಬದಿಗೆ ಇಟ್ಟು, ಕಣವನ್ನು ಚರ್ಚಿನ ನಡುಸಾಲಿನಂತೆ ಉದ್ದಕ್ಕೆ ಎಳೆದರು. ಅವರ ಅಡ್ಡತೊಲೆಗಳ ತುದಿ ಕಂಬವನ್ನು ತೂರಿ ಆಚೆ ನಾಲಿಗೆ ಚಾಚಿರುತ್ತದೆ. ಕತ್ತಲಲ್ಲಿ ಕೈಯಾಡಿಸಿದರೂ ಡಚ್ ಬಾರ್ನ್ ಎಂದು ಹೇಳಿಬಿಡಬಹುದು.

ಮರಗೆಲಸದ ಒಂದೆರಡು ಸೂಕ್ಷ್ಮಗಳನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹಳೆಯ ಬಾರ್ನಿನ ಚೌಕಟ್ಟಿನಲ್ಲಿ ಕಬ್ಬಿಣದ ಮೊಳೆ ಇರುವುದಿಲ್ಲ. ದುಂಡು ಮರವನ್ನು ಅಗಲ ಅಲಗಿನ ಕೊಡಲಿಯಿಂದ ಕೆತ್ತಿ ಚೌಕ ಮಾಡುತ್ತಾರೆ. ಆ ಏಟಿನ ಗುರುತು ಇನ್ನೂರು ವರ್ಷದ ತೊಲೆಯ ಮೇಲೂ ಮೀನಿನ ಪೊರೆಯ ಹಾಗೆ ಕಾಣುತ್ತದೆ. ಒಂದರ ತುದಿಯಲ್ಲಿ ನಾಲಿಗೆ, ಇನ್ನೊಂದರ ಮೈಯಲ್ಲಿ ಅದಕ್ಕೆ ತಕ್ಕ ಗೂಡು. ಎರಡನ್ನೂ ಸೇರಿಸಿ ಮರದ ಗೂಟ ಹೊಡೆಯಬೇಕು. ಜಾಣ ಬಡಗಿ ನಾಲಿಗೆಯ ತೂತನ್ನೂ ಗೂಡಿನ ತೂತನ್ನೂ ಒಂದೇ ನೇರಕ್ಕೆ ಕೊರೆಯುವುದಿಲ್ಲ, ಕೂದಲೆಳೆಯಷ್ಟು ಓರೆ ಇಡುತ್ತಾನೆ. ಗೂಟ ಬಡಿದಂತೆಲ್ಲ ನಾಲಿಗೆ ಒಳಕ್ಕೆ ಎಳೆದುಕೊಂಡು ಕೀಲು ಬಿಗಿಯುತ್ತದೆ. ತೊಲೆ ಹಸಿಮರ, ಗೂಟ ಒಣಗಿದ ಓಕ್. ತೊಲೆ ಆರುತ್ತ ಕುಗ್ಗಿದಾಗ ಗೂಟದ ಹಿಡಿತ ಇನ್ನೂ ಗಟ್ಟಿ. ಹಳೆಯ ಪದ್ಧತಿಯಲ್ಲಿ ಪ್ರತಿ ಕೀಲಿಗೂ ಬೇರೆ ಬೇರೆ ಅಳತೆ. ಹಾಗಾಗಿ ಕಂಬಕ್ಕೂ ತೊಲೆಗೂ ಉಳಿಯಲ್ಲಿ ರೋಮನ್ ಅಂಕಿ ಕೊರೆದು ಜೋಡಿ ಗೊತ್ತುಮಾಡುತ್ತಿದ್ದರು. ನೆಲದ ಮೇಲೆ ಜೋಡಿಸಿದ ಚೌಕಟ್ಟನ್ನು ಎತ್ತಿ ನಿಲ್ಲಿಸುವ ದಿನ ಸುತ್ತಲಿನ ಮನೆಗಳವರೆಲ್ಲ ಬರಬೇಕು. ಆಮಿಶರಲ್ಲಿ ಈ ಮುಯ್ಯಾಳಿನ ರೂಢಿ ಈಗಲೂ ಉಳಿದಿದೆ.

ಪೂರ್ವದ ಗುಡ್ಡಸೀಮೆಯ ಎಷ್ಟೋ ಬಾರ್ನುಗಳ ತೊಲೆ ಅಮೆರಿಕನ್ ಚೆಸ್ಟ್‌ನಟ್ ಮರದ್ದು. ಸುಲಭಕ್ಕೆ ಕೊಳೆಯದ, ಸೀಳಿದರೆ ನೇರಕ್ಕೆ ಸೀಳುವ ಮರ. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರಾಣಿಸಂಗ್ರಹಾಲಯದ ಮರಗಳಲ್ಲಿ ಒಂದು ಬೂಸ್ಟು ರೋಗ ಕಾಣಿಸಿತು. ಅರ್ಧ ಶತಮಾನದೊಳಗೆ ಕೋಟಿಗಟ್ಟಲೆ ಮರಗಳು ಸತ್ತುಹೋದವು. ಆ ಮರದ ಅಗಲವಾದ ತೊಲೆಯನ್ನು ನೋಡಬೇಕೆಂದರೆ ಇವತ್ತು ಕಾಡಿಗೆ ಹೋಗಿ ಪ್ರಯೋಜನವಿಲ್ಲ, ಹಳೆಯ ಬಾರ್ನಿಗೆ ಹೋಗಬೇಕು.

ಇನ್ನು ಜಾರ್ಜ್ ವಾಷಿಂಗ್ಟನ್ನನ ಕಣ. ದೇಶದ ಮೊದಲ ಅಧ್ಯಕ್ಷ ತನ್ನ ಮೌಂಟ್ ವರ್ನನ್ ಜಮೀನಿನಲ್ಲಿ 1792ರಿಂದ 1795ರ ನಡುವೆ ಹದಿನಾರು ಮೂಲೆಯ ಒಂದು ಬಾರ್ನ್ ಕಟ್ಟಿಸಿದ. ಮೇಲಂತಸ್ತಿನಲ್ಲಿ ಗೋಧಿ ಹರಡಿ, ಕುದುರೆಗಳನ್ನು ಸುತ್ತ ಓಡಿಸಿ ತುಳಿಸುವುದು. ನಮ್ಮಲ್ಲಿ ಮೇಟಿ ನೆಟ್ಟು, ಕಣದಲ್ಲಿ ಎತ್ತು ಸುತ್ತಿಸಿ ಒಕ್ಕುವ ಹಾಗೆಯೇ, ಆದರೆ ಅಟ್ಟದ ಮೇಲೆ. ನೆಲಹಲಗೆಗಳ ನಡುವೆ ಒಂದೂವರೆ ಅಂಗುಲದ ಸಂದು ಬಿಟ್ಟಿತ್ತು. ಬಿಡಿಸಿದ ಕಾಳು ಸಂದಿನಲ್ಲಿ ಜಾರಿ ಕೆಳಗಿನ ಕಣಜಕ್ಕೆ ಬೀಳುತ್ತದೆ, ಹುಲ್ಲು ಮೇಲೇ ಉಳಿಯುತ್ತದೆ. ಮಳೆಯ ಭಯವಿಲ್ಲ, ಮಣ್ಣು ಬೆರೆಯುವುದಿಲ್ಲ, ಕಳ್ಳತನವೂ ಕಷ್ಟ. ನಕ್ಷೆ ವಾಷಿಂಗ್ಟನ್ನನದು, ಇಟ್ಟಿಗೆ ಸುಟ್ಟು ಹಲಗೆ ಕೊಯ್ದು ಎತ್ತಿ ನಿಲ್ಲಿಸಿದವರು ಅವನ ಗುಲಾಮರು. ಅಧ್ಯಕ್ಷನಾಗಿ ದೂರದ ಫಿಲಡೆಲ್ಫಿಯದಲ್ಲಿದ್ದುಕೊಂಡು ಕಾಗದದ ಮೇಲೆ ಕಾಗದ ಬರೆದು ಕೆಲಸ ನಡೆಸಿದ. ಆ ಕಾಲದ ಅವನ ಒಂದು ಪತ್ರದಲ್ಲಿ ಸ್ವಾರಸ್ಯದ ದೂರಿದೆ. ತನ್ನ ಇನ್ನೊಂದು ಫಾರ್ಮಿನಲ್ಲಿ ಅಚ್ಚುಕಟ್ಟಾದ ಬಾರ್ನ್ ಇದ್ದರೂ, ಅದರ ಬಾಗಿಲಿಂದ ಮೂವತ್ತು ಅಡಿಯೂ ದೂರವಿಲ್ಲದ ಬಯಲಲ್ಲಿ ಕಣ ಮಾಡಿ ಗೋಧಿ ತುಳಿಸುತ್ತಿದ್ದರಂತೆ. ಯಜಮಾನನ ಯೋಜನೆ ದುಡಿಯುವವರಿಗೆ ಒಪ್ಪಿಗೆಯಾಗಬೇಕಲ್ಲ. ಹದಿನಾರು ಮೂಲೆಯ ಮೂಲ ಕಟ್ಟಡ ಹತ್ತೊಂಬತ್ತನೇ ಶತಮಾನದಲ್ಲೇ ಹಾಳಾಯಿತು. ಅವನ ನಕ್ಷೆ ಮತ್ತು ಒಂದು ಹಳೆಯ ಛಾಯಾಚಿತ್ರದ ಆಧಾರದಿಂದ 1990ರ ದಶಕದಲ್ಲಿ ಅದರ ಪ್ರತಿಕೃತಿಯನ್ನು ಕಟ್ಟಿದ್ದಾರೆ.

ಮನೆಗಳ ಕಡೆ ಬರುತ್ತೇನೆ. ಅಮೆರಿಕದವರಿಗೆ ದಿಮ್ಮಿಮನೆ, ಅಂದರೆ ಲಾಗ್ ಕ್ಯಾಬಿನ್, ಬಡತನದಿಂದ ಮೇಲೆದ್ದು ಬಂದವರ ಲಾಂಛನ. 1607ರಲ್ಲಿ ಜೇಮ್ಸ್‌ಟೌನಿಗೂ 1620ರಲ್ಲಿ ಪ್ಲಿಮತ್‌ಗೂ ಬಂದಿಳಿದ ಇಂಗ್ಲಿಷರು ಅಂಥ ಮನೆಯಲ್ಲೇ ಇದ್ದರೆಂದು ಶಾಲೆಯ ಪುಸ್ತಕಗಳು ಬಹಳ ಕಾಲ ಚಿತ್ರ ಬರೆದವು. ಅದು ಕಟ್ಟುಕಥೆ ಎಂದು ಹೆರಾಲ್ಡ್ ಶರ್ಟ್‌ಲೆಫ್ ಅವರ 1939ರ ಪುಸ್ತಕ ಸಾಬೀತು ಮಾಡಿತು. ಇಂಗ್ಲೆಂಡಿನಲ್ಲಿ ಇಲ್ಲದ ವಿದ್ಯೆ ಅವರಿಗೆ ಎಲ್ಲಿಂದ ಬರಬೇಕು? ಅವರು ಕಟ್ಟಿದ್ದು ಮರದ ಚೌಕಟ್ಟಿನ ಮನೆಗಳನ್ನು. ಮ್ಯಾಸಚೂಸೆಟ್ಸಿನ ಡೆಡಮ್‌ನಲ್ಲಿರುವ ಫೇರ್‌ಬ್ಯಾಂಕ್ಸ್ ಮನೆ ಸುಮಾರು 1640ರ ಅಂಥದ್ದೊಂದು, ಇನ್ನೂ ನಿಂತಿದೆ. ದಿಮ್ಮಿ ಪೇರಿಸುವ ವಿದ್ಯೆಯನ್ನು 1638ರಿಂದ ಡೆಲವೇರ್ ಕಣಿವೆಗೆ ಬಂದ ಸ್ವೀಡಿಷರು ಮತ್ತು ಫಿನ್ನರು ತಂದರು. ಹದಿನೆಂಟನೇ ಶತಮಾನದಲ್ಲಿ ಜರ್ಮನರೂ ತಂದರು. ಬೇರೂರಿದ್ದು ಯಾರ ವಿದ್ಯೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಜಗಳವಿದೆ. ಫ್ರೆಡ್ ನಿಫನ್ ಮತ್ತು ಹೆನ್ರಿ ಗ್ಲಾಸಿ 1966ರಲ್ಲಿ ಜರ್ಮನರ ಪರ ವಾದಿಸಿದರು. ಟೆರಿ ಜೋರ್ಡನ್ ಮತ್ತು ಮಾಟಿ ಕಾಪ್ಸ್ 1989ರಲ್ಲಿ ಫಿನ್ನರ ಪರ. ಎಲ್ಲರ ವಾದವೂ ಮೂಲೆಯ ಕಚ್ಚಿನ ಮೇಲೆ ನಿಂತಿದೆ. ಎರಡು ದಿಮ್ಮಿಗಳು ಸೇರುವಲ್ಲಿ ಕಚ್ಚು ಹಾಕುವ ರೀತಿ ಹತ್ತಾರು. ಒಳ್ಳೆಯ ಕಚ್ಚಿನ ಇಳಿಜಾರು ಹೊರಮುಖಕ್ಕಿರುತ್ತದೆ, ಬಿದ್ದ ಮಳೆನೀರು ಒಳಗೆ ನಿಲ್ಲದೆ ಜಾರಿಹೋಗುತ್ತದೆ. ಮನೆಯ ಆಯುಸ್ಸು ಆ ಇಳಿಜಾರಿನಲ್ಲಿದೆ.

ದಿಮ್ಮಿಮನೆಯನ್ನು ರಾಜಕಾರಣಿಗಳು ಬಿಡಲಿಲ್ಲ. 1840ರ ಅಧ್ಯಕ್ಷ ಚುನಾವಣೆಯಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್‌ನ ಗುರುತೇ ದಿಮ್ಮಿಮನೆ. ಮೆರವಣಿಗೆಯಲ್ಲಿ ಅದರ ಮಾದರಿಯನ್ನು ಗಾಡಿಯ ಮೇಲೆ ಎಳೆದರು, ಅವನು ಗೆದ್ದ. ಆ ಪುಣ್ಯಾತ್ಮ ಹುಟ್ಟಿದ್ದು ವರ್ಜೀನಿಯದ ಬರ್ಕ್ಲಿ ಎಂಬ ಇಟ್ಟಿಗೆಯ ಬಂಗಲೆಯಲ್ಲಿ. ಲಿಂಕನ್ ನಿಜವಾಗಿ ದಿಮ್ಮಿಮನೆಯಲ್ಲಿ ಹುಟ್ಟಿದವನೇ. ಕೆಂಟಕಿಯ ಹಾಜನ್‌ವಿಲ್‌ನಲ್ಲಿ ಅವನ ಜನ್ಮಗೃಹವೆಂದು ಒಂದು ಗುಡಿಸಲನ್ನು ಗ್ರೀಕ್ ದೇವಾಲಯದಂಥ ಭವನದೊಳಗೆ ಇಟ್ಟು, 56 ಮೆಟ್ಟಿಲು ಕಟ್ಟಿ, 1911ರಲ್ಲಿ ಲೋಕಾರ್ಪಣೆ ಮಾಡಿದರು. 2004ರಲ್ಲಿ ಮರದ ವಾರ್ಷಿಕ ಉಂಗುರಗಳನ್ನು ಎಣಿಸಿದಾಗ ಅದರ ಅತಿ ಹಳೆಯ ದಿಮ್ಮಿಯೇ 1848ರದೆಂದು ಗೊತ್ತಾಯಿತು. ಲಿಂಕನ್ ಹುಟ್ಟಿದ್ದು 1809ರಲ್ಲಿ. ರಾಷ್ಟ್ರೀಯ ಉದ್ಯಾನ ಇಲಾಖೆ ಈಗ ಅದನ್ನು ಸಾಂಕೇತಿಕ ಗುಡಿಸಲು ಎಂದು ಕರೆಯುತ್ತದೆ. ಅಷ್ಟು ಪ್ರಾಮಾಣಿಕತೆ ಮೆಚ್ಚಬೇಕಾದದ್ದೇ.

ಕಟ್ಟಡವಾಗಿ ದಿಮ್ಮಿಯ ಪೆಟ್ಟಿಗೆಯ ಗುಣ ಬೇರೆ ಕಡೆ ಇದೆ. ನಾಲ್ಕು ಜನ ಎತ್ತಬಹುದಾದ ದಿಮ್ಮಿಯ ಉದ್ದ ಹದಿನಾರರಿಂದ ಇಪ್ಪತ್ತು ಅಡಿ. ಹಾಗಾಗಿ ಕೋಣೆಯೂ ಅಷ್ಟೇ. ದೊಡ್ಡದು ಬೇಕಾದರೆ ಇನ್ನೊಂದು ಪೆಟ್ಟಿಗೆ ಪಕ್ಕಕ್ಕೆ ಬರಬೇಕು. ಎರಡರ ನಡುವೆ ಗಾಳಿ ಆಡುವ ಓಣಿ ಬಿಟ್ಟು ಒಂದೇ ಮಾಡು ಹೊದಿಸಿದರೆ ಅದು ದಕ್ಷಿಣದ ಡಾಗ್‌ಟ್ರಾಟ್ ಮನೆ. ಬೇಸಿಗೆಯಲ್ಲಿ ಸಂಸಾರವೆಲ್ಲ ಆ ಓಣಿಯಲ್ಲೇ. ಮನೆಯ ಬದಲು ದನಕ್ಕೆ ಕಟ್ಟಿದರೆ ಜೋಡಿಪೆಟ್ಟಿಗೆಯ ಬಾರ್ನ್. ಪೂರ್ವ ಟೆನೆಸಿಯ ಸೆವಿಯರ್ ಮತ್ತು ಬ್ಲೌಂಟ್ ಜಿಲ್ಲೆಗಳಲ್ಲಿ ಈ ಜೋಡಿಪೆಟ್ಟಿಗೆಯ ಮೇಲೆ ನಾಲ್ಕೂ ಕಡೆ ಚಾಚಿದ ಭಾರಿ ಅಟ್ಟ ಹೊತ್ತ ವಿಚಿತ್ರ ಬಾರ್ನುಗಳಿವೆ. ಮೇರಿಯನ್ ಮೊಫೆಟ್ ಮತ್ತು ಲಾರೆನ್ಸ್ ವುಡ್‌ಹೌಸ್ ಪೂರ್ವ ಟೆನೆಸಿಯಲ್ಲಿ ಒಟ್ಟು ಅಂಥವು 316 ಇವೆಯೆಂದು ಎಣಿಸಿದರು. ಆ ಮೂಲೆಯಲ್ಲೇ ಏಕೆ ಅಷ್ಟು, ಬೇರೆಡೆ ಏಕಿಲ್ಲ ಎಂಬುದಕ್ಕೆ ತೃಪ್ತಿಕರ ಉತ್ತರ ಯಾರೂ ಕೊಟ್ಟಿಲ್ಲ.

ರೈತನ ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಎದ್ದ ಮನೆಗೆ ನಿಫನ್ 1936ರಲ್ಲಿ ‘ಐ-ಹೌಸ್’ ಎಂಬ ಹೆಸರಿಟ್ಟರು. ಇಂಡಿಯಾನ, ಇಲಿನಾಯ್, ಅಯೋವಗಳಲ್ಲಿ ಕಂಡದ್ದಕ್ಕೆ ಆ ಹೆಸರು. ಎರಡು ಅಂತಸ್ತು, ಅಗಲಕ್ಕೆ ಎರಡು ಕೋಣೆ, ಆಳಕ್ಕೆ ಒಂದೇ ಕೋಣೆ. ರಸ್ತೆಯಿಂದ ನೋಡಿದರೆ ಗತ್ತು, ಪಕ್ಕದಿಂದ ನೋಡಿದರೆ ತೆಳು. ದಕ್ಷಿಣದಲ್ಲಿ ಕೋಣೆಯ ಹಿಂದೆ ಕೋಣೆಯಾಗಿ ಸಾಲುಗಟ್ಟಿದ ಇಕ್ಕಟ್ಟಿನ ಶಾಟ್‌ಗನ್ ಮನೆಗಳನ್ನು ಬಡವರ ಅಗ್ಗದ ಮನೆಗಳೆಂದು ತಳ್ಳಿಹಾಕಿದ್ದರು. ಜಾನ್ ಮೈಕಲ್ ವ್ಲಾಕ್ 1970ರ ದಶಕದಲ್ಲಿ ಅವುಗಳ ಜಾಡನ್ನು ನ್ಯೂ ಆರ್ಲಿಯನ್ಸ್‌ನಿಂದ ಹೈಟಿಗೆ, ಅಲ್ಲಿಂದ ಪಶ್ಚಿಮ ಆಫ್ರಿಕದ ಯೊರೂಬರ ಮನೆಗಳವರೆಗೆ ಹಿಡಿದುಹೋದರು. ಗುಲಾಮರು ಬರಿಗೈಯಲ್ಲಿ ಬಂದವರೆಂಬ ನಂಬಿಕೆಗೆ ಈ ಮನೆಗಳೇ ಉತ್ತರ.

ನ್ಯೂ ಇಂಗ್ಲೆಂಡಿನ ಜೋಡುಮನೆಗಳ ವಿಷಯ ನನಗೆ ಎಲ್ಲಕ್ಕಿಂತ ಇಷ್ಟ. ದಕ್ಷಿಣ ಮೇಯ್ನ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಸ್ತೆಯ ಬದಿಗೆ ದೊಡ್ಡಮನೆ, ಅದರ ಬೆನ್ನಿಗೆ ಅಡುಗೆಮನೆಯಿರುವ ಚಿಕ್ಕಮನೆ, ಅದರ ಹಿಂದೆ ಸೌದೆ, ಗಾಡಿ, ಕೆಲಸದ ಸಾಮಾನಿನ ಹಿಂಬದಿ ಮನೆ, ಕೊನೆಗೆ ಬಾರ್ನ್, ಎಲ್ಲವೂ ರೈಲುಡಬ್ಬಿಯಂತೆ ಅಂಟಿಕೊಂಡಿರುತ್ತವೆ. ಏಕೆ ಹೀಗೆ ಎಂದು ಕೇಳಿದರೆ ಅಲ್ಲಿನ ಯಾರಾದರೂ ಥಟ್ಟನೆ ಹೇಳುತ್ತಾರೆ: ಹಿಮ ಸುರಿಯುವಾಗ ಹೊರಗೆ ಕಾಲಿಡದೆ ಹಾಲು ಕರೆಯಬಹುದು. ಒಪ್ಪುವಂಥ ಮಾತು. ಆದರೆ ಮಿನೆಸೋಟದಲ್ಲಿ ಚಳಿ ಇನ್ನೂ ಘೋರ, ಅಲ್ಲಿ ಯಾರೂ ಹೀಗೆ ಜೋಡಿಸಲಿಲ್ಲ. ಬೆಂಕಿಯ ಅಪಾಯವೋ ದೊಡ್ಡದು, ಬಾರ್ನಿಗೆ ಕಿಡಿ ಹಾರಿದರೆ ಮನೆಯೂ ಹೋಗುತ್ತದೆ. ಥಾಮಸ್ ಹಬ್ಕ ಎಂಬ ವಾಸ್ತುಶಿಲ್ಪ ಪ್ರಾಧ್ಯಾಪಕರು ಈ ಮನೆಗಳನ್ನು ಒಂದೊಂದಾಗಿ ಅಳೆದು, ದಿನಚರಿ, ಲೆಕ್ಕಪುಸ್ತಕಗಳನ್ನು ಓದಿ 1984ರಲ್ಲಿ ಪುಸ್ತಕ ತಂದರು. ಜೋಡಿಸುವ ರೂಢಿ ಬಲಿತದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಬೇರೆ ಬೇರೆ ನಿಂತಿದ್ದ ಹಳೆಯ ಕಟ್ಟಡಗಳನ್ನೇ ಉರುಳೆಗಳ ಮೇಲೇರಿಸಿ, ಎತ್ತು ಕಟ್ಟಿ ಎಳೆದು ತಂದು ಅಂಟಿಸಿದರು. ಆ ಹೊತ್ತಿಗೆ ಪಶ್ಚಿಮದ ಕಪ್ಪುಮಣ್ಣಿನ ಗೋಧಿ ಅಗ್ಗವಾಗಿ ಪೂರ್ವದ ಪೇಟೆಗೆ ಬರುತ್ತಿತ್ತು, ಕಲ್ಲುಹೊಲದ ಮೇಯ್ನ್ ರೈತನಿಗೆ ಬರಿ ಬೇಸಾಯ ಸಾಲದಾಗಿತ್ತು. ಬೆಣ್ಣೆ ತೆಗೆಯುವುದು, ಕಾಯಿಪಲ್ಲೆ ಡಬ್ಬಿಗೆ ತುಂಬುವುದು, ಪಾದರಕ್ಷೆ ಹೊಲಿಯುವುದು, ಮರಗೆಲಸ ಹೀಗೆ ಮನೆಯೊಳಗಿನ ಹತ್ತು ಕಸುಬು ಹಿಡಿದು ನೆಲ ಬಿಡದೆ ಉಳಿಯಲು ಹೆಣಗಿದ. ಆ ಕಸುಬುಗಳಿಗೆಲ್ಲ ಅಡುಗೆಮನೆಗೂ ಬಾರ್ನಿಗೂ ನಡುವೆ ಜಾಗ ಬೇಕಿತ್ತು. ಜೋಡುಮನೆ ಆ ಹೆಣಗಾಟದ ನಕ್ಷೆ. ಊರಿನವರು ತಮ್ಮ ಮನೆಯ ಬಗ್ಗೆ ಹೇಳುವ ಕಾರಣವನ್ನು ಗೌರವದಿಂದ ಕೇಳಬೇಕು, ಆದರೆ ಟೇಪು ಹಿಡಿದು ಅಳೆಯುವ ತನಕ ನಂಬಬಾರದು.

1830ರ ದಶಕದಲ್ಲಿ ಷಿಕಾಗೋ ಸುತ್ತ ಹೊಸ ಪದ್ಧತಿಯೊಂದು ಬಂತು. ತೊಲೆ, ಕೀಲು, ಗೂಟಗಳ ಗೊಡವೆಯಿಲ್ಲದೆ ಗಿರಣಿಯಲ್ಲಿ ಕೊಯ್ದ ತೆಳ್ಳನೆಯ ರೀಪುಗಳನ್ನು ಒತ್ತಾಗಿ ನಿಲ್ಲಿಸಿ ಯಂತ್ರದ ಮೊಳೆ ಹೊಡೆಯುವುದು. ಇಬ್ಬರು ಸಾಕು, ನೆರೆಯವರ ಮುಯ್ಯಿ ಬೇಡ. ಹಂಗಿಸಿ ಬಲೂನ್ ಎಂದರಂತೆ, ಹೆಸರು ಹಾಗೇ ನಿಂತಿತು. ಮರವೇ ಇಲ್ಲದ ನೆಬ್ರಾಸ್ಕದಂಥ ಬಯಲಿಗೆ ರೈಲು ಮರ ತಂದುಹಾಕುವ ತನಕ ಜನ ಹುಲ್ಲುಬೇರು ಹೆಣೆದ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯಂತೆ ಕತ್ತರಿಸಿ ಮನೆ ಮಾಡಿಕೊಂಡಿದ್ದರು. ಸಾಲಮನ್ ಬುಚರ್ 1886ರಿಂದ ಕಸ್ಟರ್ ಜಿಲ್ಲೆಯಲ್ಲಿ ತೆಗೆದ ಚಿತ್ರಗಳಲ್ಲಿ ಆ ಸಂಸಾರಗಳು ಮಣ್ಣಿನ ಮನೆಯ ಮುಂದೆ ತಮ್ಮ ಕುದುರೆ, ಹಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ನಿಂತಿವೆ. ಅಯೋವದ ಫೇರ್‌ಫೀಲ್ಡಿನ ವಿಲಿಯಂ ಲೌಡನ್ 1867ರಲ್ಲಿ ಹುಲ್ಲನ್ನು ಮೇಲೆತ್ತಿ ಒಳಗೆ ಸಾಗಿಸುವ ರಾಟೆಗಾಡಿಗೆ ಪೇಟೆಂಟ್ ಪಡೆದ. ಅದರಿಂದ ಬಾರ್ನಿನ ಎತ್ತರವೇ ಬದಲಾಯಿತು, ನಾವು ಕ್ಯಾಲೆಂಡರಿನಲ್ಲಿ ನೋಡುವ ಮುರಿದ ಇಳಿಜಾರಿನ ಎತ್ತರದ ಮಾಡು ಬಂತು. 1908ರಿಂದ ಸಿಯರ್ಸ್ ಕಂಪನಿ ಕ್ಯಾಟಲಾಗಿನಲ್ಲಿ ಮನೆಯನ್ನೇ ಮಾರಲು ಶುರುಮಾಡಿ, ಆಮೇಲೆ ಬಾರ್ನನ್ನೂ ಮಾರಿತು. ಸಾಮಾನು ರೈಲಿನಲ್ಲಿ ಬರುತ್ತಿತ್ತು. ಇಲ್ಲಿಗೆ ಜಾನಪದ ಕಟ್ಟೋಣ ಮುಗಿಯಿತು ಎನ್ನುವ ವಿದ್ವಾಂಸರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕ್ಯಾಟಲಾಗಿನ ಬಾರ್ನನ್ನೂ ರೈತ ತನ್ನ ದನದ ಲೆಕ್ಕಕ್ಕೆ ತಿದ್ದಿಕೊಂಡೇ ನಿಲ್ಲಿಸಿದ.

ಈಗ ಈ ವಿಷಯ ನಮ್ಮ ನೆಲವನ್ನು ಮುಟ್ಟುವ ಜಾಗಕ್ಕೆ ಬಂದಿದ್ದೇವೆ. 1839ರಲ್ಲಿ ಉತ್ತರ ಕೆರೊಲಿನದ ಕ್ಯಾಸ್ವೆಲ್ ಜಿಲ್ಲೆಯಲ್ಲಿ ಅಬಿಷಾ ಸ್ಲೇಡ್ ಎಂಬವನ ಜಮೀನಿನಲ್ಲಿ ಸ್ಟೀಫನ್ ಎಂಬ ಗುಲಾಮ ಕಮ್ಮಾರ ತಂಬಾಕಿನ ಬಾರ್ನಿಗೆ ರಾತ್ರಿ ಬೆಂಕಿ ಕಾಯುತ್ತಿದ್ದ. ಕಥೆ ಹೇಳುವಂತೆ, ಅವನಿಗೆ ನಿದ್ದೆ ಹತ್ತಿತು, ಬೆಂಕಿ ಆರುತ್ತ ಬಂತು. ಎಚ್ಚರಾದವನು ಗಾಬರಿಯಲ್ಲಿ ಕುಲುಮೆಯ ಇದ್ದಿಲು ತಂದು ಸುರಿದ. ಒಮ್ಮೆಲೇ ಏರಿದ ಒಣ ಶಾಖಕ್ಕೆ ಎಲೆ ಹೊನ್ನಿನ ಹಳದಿಗೆ ತಿರುಗಿತು, ಪೇಟೆಯಲ್ಲಿ ಎಂದೂ ಕಾಣದ ಬೆಲೆ ಬಂತು. ದುಡ್ಡು, ಹೆಸರು ಎರಡೂ ಯಜಮಾನನಿಗೆ. ಮುಂದೆ ಇದ್ದಿಲಿನ ಬದಲು ಹೊರಗೆ ಒಲೆ ಹೂಡಿ, ಲೋಹದ ಕೊಳವೆಯಲ್ಲಿ ಶಾಖ ಹಾಯಿಸಿ, ಹೊಗೆ ಎಲೆಗೆ ತಾಕದಂತೆ ಹದ ಮಾಡುವ ಕ್ರಮ ನೆಲೆಯಾಯಿತು. ಅದಕ್ಕೆ ಬೇಕಾದ ಕಟ್ಟಡ ಆಗಲೇ ಸಿದ್ಧವಿತ್ತು. ಅದೇ ಹದಿನಾರು, ಇಪ್ಪತ್ತು ಅಡಿ ಚೌಕದ ದಿಮ್ಮಿಯ ಪೆಟ್ಟಿಗೆ, ಎತ್ತರ ಮಾತ್ರ ಹೆಚ್ಚು, ಸಂದುಗಳಿಗೆ ಮಣ್ಣು ಮೆತ್ತಿ ಶಾಖ ಸೋರದಂತೆ ಬಿಗಿ. ಒಳಗೆ ಅಂತಸ್ತಂತಸ್ತಾಗಿ ಗಳುಗಳು, ಗಳುಗಳ ಮೇಲೆ ಎಲೆ ಕಟ್ಟಿದ ಕೋಲುಗಳು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ರಾಮನಾಥಪುರದ ಕಡೆಯವರು ಈ ವರ್ಣನೆ ಕೇಳಿ ನಗುತ್ತಿರಬೇಕು. ನಿಮ್ಮ ಹೊಲದಂಚಿನಲ್ಲಿ ನಿಂತಿರುವುದು ಅದೇ. ಇಪ್ಪತ್ತನೇ ಶತಮಾನದಲ್ಲಿ ವರ್ಜೀನಿಯ ತಂಬಾಕು ಬಂದಾಗ ಬೀಜದ ಜೊತೆ ಕಟ್ಟಡವೂ ಬಂತು. ದಿಮ್ಮಿಯ ಜಾಗದಲ್ಲಿ ಇಟ್ಟಿಗೆ, ಮೇಲೆ ಹಂಚು ಅಥವಾ ಶೀಟು. ಜನ ಬ್ಯಾರನ್ ಎನ್ನುತ್ತಾರೆ, ತಂಬಾಕು ಮಂಡಳಿಯ ಪರವಾನಗಿಯೂ ಬ್ಯಾರನ್ ಲೆಕ್ಕದಲ್ಲೇ. ಎಲೆ ಹಳದಿಯಾಗುವ ತನಕ ತಗ್ಗಿದ ಶಾಖ, ಆಮೇಲೆ ಎಲೆ ಒಣಗಿಸುವ ಶಾಖ, ಕೊನೆಗೆ ದಂಟು ಒಣಗಿಸುವ ಉರಿ, ಇಷ್ಟೂ ಮುಗಿಯಲು ಹೆಚ್ಚುಕಡಿಮೆ ಒಂದು ವಾರ. ಹಗಲು ಹೆಂಗಸರು ಸೊಪ್ಪು ಕಟ್ಟುತ್ತಾರೆ, ರಾತ್ರಿ ಯಾರಾದರೊಬ್ಬರು ಸೌದೆ ತಳ್ಳುತ್ತ ಎದ್ದಿರಬೇಕು. ಆ ಸೌದೆಗಾಗಿ ಎಷ್ಟು ಮರ ಉರಿದವು, ತಂಬಾಕು ಎಷ್ಟು ಜನರ ಪುಪ್ಪಸ ತಿಂದಿತು ಎಂಬುದೂ ಈ ಕಟ್ಟಡದ ಲೆಕ್ಕಕ್ಕೆ ಸೇರಬೇಕು. ಕೆರೊಲಿನದಲ್ಲಿ ದಿಮ್ಮಿಯ ಬಾರ್ನಿನ ಕಾಲ ಆಗಲೇ ಮುಗಿದಿದೆ. 1970ರ ಹೊತ್ತಿಗೆ ತಗಡಿನ ಪೆಟ್ಟಿಗೆ, ಗ್ಯಾಸಿನ ಉರಿ ಬಂತು. 2004ರಲ್ಲಿ ಅಲ್ಲಿನ ಸರಕಾರ ತಂಬಾಕಿನ ಕೋಟಾ ಪದ್ಧತಿಯನ್ನೇ ಕೈಬಿಟ್ಟಿತು. ಹಳೆಯವು ಹೊಲದಲ್ಲಿ ಬಾಯಿ ತೆರೆದು ನಿಂತಿವೆ.

ಬೇರೆ ಬಾರ್ನುಗಳ ಗತಿಯೂ ಅದೇ. ಕಟಾವು, ಒಕ್ಕಣೆ ಎರಡನ್ನೂ ಹೊಲದಲ್ಲೇ ಮುಗಿಸುವ ಕಂಬೈನ್ ಯಂತ್ರ ಬಂದ ದಿನ ಕಣ ಹೋಯಿತು. ಟ್ರ್ಯಾಕ್ಟರ್ ಬಂದು ಕುದುರೆ ಹೋಯಿತು. ದೊಡ್ಡ ಉರುಳೆಯಾಗಿ ಸುತ್ತಿದ ಹುಲ್ಲು ಅಟ್ಟಕ್ಕೆ ಏರುವುದಿಲ್ಲ. 2007ರ ಕೃಷಿ ಗಣತಿಯಲ್ಲಿ 1960ಕ್ಕೂ ಹಿಂದಿನ ಬಾರ್ನುಗಳು ಆರು ಲಕ್ಷಕ್ಕೂ ಮಿಕ್ಕಿ ಸಿಕ್ಕವು. ಅವುಗಳಲ್ಲಿ ಕೆಲವು ಮದುವೆ ಛತ್ರವಾಗುತ್ತಿವೆ, ಕೆಲವನ್ನು ಬಿಚ್ಚಿ ಹಲಗೆಗಳನ್ನು ನಗರದ ಹೋಟೆಲುಗಳ ಗೋಡೆಗೆ ಮಾರುತ್ತಾರೆ. ಮದುವೆ ಛತ್ರ ಎಂದರೆ ಮೂಗು ಮುರಿಯುವವರಿದ್ದಾರೆ. ಮಾಡು ಸೋರದಂತೆ ನೋಡಿಕೊಳ್ಳುವವರು ಯಾರಾದರೂ ಸರಿ ಎಂಬ ಪಕ್ಷ ನನ್ನದು. ಹಲಗೆ ಮಾರುವುದನ್ನು ಮಾತ್ರ ಒಪ್ಪಲಾರೆ.

ಕಟ್ಟಡ ಉಳಿಯದಿದ್ದರೂ ಅದರ ಅಳತೆಯನ್ನು ಉಳಿಸಬಹುದು. 1933ರ ನವೆಂಬರಿನಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಚಾರ್ಲ್ಸ್ ಪೀಟರ್ಸನ್ ಎಂಬ ತರುಣ ಅಧಿಕಾರಿ ಒಂದು ಟಿಪ್ಪಣಿ ಬರೆದರು. ಕೆಲಸವಿಲ್ಲದ ಸುಮಾರು ಸಾವಿರ ವಾಸ್ತುಶಿಲ್ಪಿಗಳಿಗೆ ಹತ್ತು ವಾರ ಸಂಬಳ ಕೊಟ್ಟು ಹಳೆಯ ಕಟ್ಟಡಗಳನ್ನು ಅಳೆಸಿ ನಕ್ಷೆ ಬರೆಸೋಣ ಎಂದು. ಹಾಗೆ ಹುಟ್ಟಿದ ಐತಿಹಾಸಿಕ ಕಟ್ಟಡಗಳ ಸರ್ವೇಕ್ಷಣೆ ಇವತ್ತಿಗೂ ನಡೆದಿದೆ, ನಕ್ಷೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಯಾರು ಬೇಕಾದರೂ ನೋಡುವಂತಿವೆ. ಮೊದಲಿಗೆ ಅವರು ಹೋದದ್ದು ದೊಡ್ಡವರ ಬಂಗಲೆಗಳಿಗೇ. ಆದರೆ ಬಂಗಲೆ ಅಳೆಯುವಾಗ ಹಿತ್ತಲಲ್ಲಿದ್ದ ಗುಲಾಮರ ಗುಡಿಸಲು, ಹೊರ ಅಡುಗೆಮನೆ, ಮಾಂಸಕ್ಕೆ ಹೊಗೆ ಹಾಕುವ ಕೋಣೆಗಳನ್ನೂ ಅಳೆದಿಟ್ಟರು. ಅರವತ್ತು ವರ್ಷ ಕಳೆದು, ಶಾಟ್‌ಗನ್ ಮನೆಗಳ ಜಾಡು ಹಿಡಿದಿದ್ದ ವ್ಲಾಕ್ ಆ ಹಿತ್ತಲ ನಕ್ಷೆಗಳನ್ನು ಹೆಕ್ಕಿ ತೆಗೆದು 1993ರಲ್ಲಿ ಗುಲಾಮರ ಕಟ್ಟಡಗಳ ಚರಿತ್ರೆಯನ್ನೇ ಬರೆದರು. ಅಷ್ಟರಲ್ಲಿ ಆ ಗುಡಿಸಲುಗಳಲ್ಲಿ ಎಷ್ಟೋ ನೆಲಸಮವಾಗಿದ್ದವು. ಅಳೆದವರಿಗೆ ಇದೆಲ್ಲ ಮುಂದೆ ಯಾರಿಗೆ ಬೇಕಾಗುತ್ತದೆಂಬ ಅಂದಾಜು ಇರಲಿಲ್ಲ.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ರಜೆಯಲ್ಲಿ ಮೂರು ನಾಲ್ಕು ಜನ ಸೇರಿ, ಒಂದು ಟೇಪು, ಗ್ರಾಫ್ ಹಾಳೆ, ಪೆನ್ಸಿಲು ಹಿಡಿದು ಹುಣಸೂರು ಸೀಮೆಯ ಒಂದು ಹಳೆಯ ಬ್ಯಾರನ್ ಮುಂದೆ ನಿಲ್ಲಿ. ಮಾಲೀಕರ ಅನುಮತಿ ಕೇಳಿ. ನೆಲನಕ್ಷೆ, ಅಡ್ಡಸೀಳು, ಒಲೆಯ ಬಾಯಿ, ಗಳುಗಳ ಅಂತರ ಎಲ್ಲವನ್ನೂ ಅಳತೆಗೆ ಬರೆಯಿರಿ. ಕಟ್ಟಿದ ಗಾರೆಯವರು ಯಾರು, ಇಟ್ಟಿಗೆ ಎಲ್ಲಿಯದು, ಸೊಪ್ಪು ಕಟ್ಟಿದವರು ಯಾರು, ರಾತ್ರಿ ಉರಿ ಕಾದವರು ಯಾರು ಎಂದು ಅವರವರ ಬಾಯಿಂದಲೇ ಕೇಳಿ ನಕ್ಷೆಯ ಅಂಚಿನಲ್ಲಿ ದಾಖಲಿಸಿ. ಒಂದು ಪ್ರತಿಯನ್ನು ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೂ ಇನ್ನೊಂದನ್ನು ಆ ಮನೆಯವರಿಗೂ ಕೊಡಿ. ತಂಬಾಕು ಬೆಳೆಯನ್ನು ಕಡಿಮೆ ಮಾಡುವ ಮಾತು ನಡೆಯುತ್ತಲೇ ಇದೆ, ಆ ಬೆಳೆ ಹೋಗುವುದೂ ಒಳ್ಳೆಯದೇ. ಬ್ಯಾರನ್‌ಗಳನ್ನು ಕೆಡಹುವ ಮುಂಚೆ ಅಳೆದಿಡಿ.